ನದಿ ಕಟ್ಟಿದ ನೆಲ

ಮಳೆಗಾಲದಲ್ಲಿ ಕೃಷ್ಣೆಯನ್ನಾಗಲಿ ತುಂಗಭದ್ರೆಯನ್ನಾಗಲಿ ಕಂಡವರು ಅದರ ಕೆನ್ನೀರನ್ನು ನೋಡಿ, ಹೊಳೆ ಕದಡಿದೆಯೆಂದು ಹೇಳಿ ಸುಮ್ಮನಾಗುವುದುಂಟು. ಆ ಕದಡಿನಲ್ಲಿ ಒಂದು ಸೀಮೆಯೇ ಅಡಗಿದೆಯೆಂಬುದನ್ನು ನಾವು ಈ ಹೊತ್ತು ಕೊಂಚ ವಿಚಾರಮಾಡೋಣ.

ಆಂಧ್ರದ ಕರಾವಳಿಯಲ್ಲಿ, ವಿಜಯವಾಡದಿಂದ ಕೆಳಗೆ, ಕೃಷ್ಣಾನದಿಯು ಕವಲೊಡೆದು ಸಮುದ್ರವನ್ನು ಸೇರುತ್ತದೆ. ಕವಲುಗಳ ನಡುವಣ ನಡುಗಡ್ಡೆಗೆ ದಿವಿಸೀಮೆಯೆಂದು ಹೆಸರು. ಅದು ನದಿಯೇ ತಂದು ಸುರಿದ ಮೆಕ್ಕಲು ನೆಲ. ನಮ್ಮ ವಿಜಯಪುರ, ರಾಯಚೂರುಗಳ ಎರೆಮಣ್ಣಿನ ಪಾಲೂ ಅದರಲ್ಲಿ ಉಂಟು.

ಹರಿಯುವ ನೀರಿಗೆ ವೇಗವಿರುವಷ್ಟು ಕಾಲ ಮಣ್ಣನ್ನು ಹೊರುವ ಶಕ್ತಿಯಿರುತ್ತದೆ. ಸಮುದ್ರದ ಬಳಿ ವೇಗ ಕುಂದಿದೊಡನೆ ಮೊದಲು ದಪ್ಪ ಮರಳು, ಅನಂತರ ನುಣ್ಣನೆಯ ಮರಳು, ಕಟ್ಟಕಡೆಗೆ ಜೇಡಿ ತಳಕ್ಕಿಳಿಯುತ್ತವೆ. ಮರಳು ನಡುಹೊಳೆಯಲ್ಲಿ ದಿಣ್ಣೆಯಾಗುತ್ತದೆ. ನೀರು ಅದನ್ನು ಬಳಸಿಕೊಂಡು ಎರಡಾಗಿ ಹರಿಯುತ್ತದೆ. ಪ್ರತಿಯೊಂದು ನೆರೆಯೂ ದಿಣ್ಣೆಯ ಮೇಲೆ ಒಂದು ಪದರವನ್ನು ಹಾಸುತ್ತದೆ. ದಿಣ್ಣೆ ನೀರಿನಿಂದ ತಲೆಯೆತ್ತಿದ ಮೇಲೆ ಹುಲ್ಲೂ ಕಾಂಡ್ಲಾಗಿಡಗಳೂ ಬೇರೂರಿ ಜೇಡಿಯನ್ನು ಹಿಡಿದು ನಿಲ್ಲಿಸುತ್ತವೆ. ನಡುಗಡ್ಡೆ ಹುಟ್ಟುವುದು ಹೀಗೆ.

ಆದರೆ ಇಂತಹ ನೆಲವನ್ನು ಕಟ್ಟಿ ಮುಗಿಸಿದ ಮನೆಯೆಂದು ತಿಳಿಯಬಾರದು. ಹಸಿಮಣ್ಣು ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಅಲೆಗಳು ಅಂಚನ್ನು ಕೊರೆಯುತ್ತವೆ. ವರ್ಷವರ್ಷವೂ ಹೊಸಮಣ್ಣು ಬಂದರೇ ಅದಕ್ಕೆ ಬಾಳು. ಆ ಮಣ್ಣು ಈಗ ಎಲ್ಲಿ ನಿಂತಿದೆ? ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವು 1953ರಲ್ಲಿ 133 ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿದ್ದಿತು; 2016ರ ಅಳತೆಯಲ್ಲಿ ಅದು ಸುಮಾರು 105ಕ್ಕೆ ಇಳಿದಿದ್ದಿತು. ಉಳಿದ ಜಾಗವನ್ನು ಹೂಳು ತುಂಬಿತು. ನಾವು ಇದನ್ನು ನೀರಿನ ನಷ್ಟವೆಂದು ಲೆಕ್ಕವಿಟ್ಟೆವು. ಕಡಲಂಚಿನವರಿಗೆ ಅದು ನೆಲದ ನಷ್ಟ. ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿಯೂ ಹೂಳು ನಿಲ್ಲುತ್ತದೆ. ಕೃಷ್ಣೆಯ ಮುಖಜಭೂಮಿಯ ತೀರವು ಅನೇಕ ಕಡೆ ಹಿಂದೆ ಸರಿಯುತ್ತಿದೆ. 1977ರ ನವೆಂಬರ್ 19ರಂದು ಚಂಡಮಾರುತವೆಬ್ಬಿಸಿದ ಕಡಲು ದಿವಿಸೀಮೆಯ ಮೇಲೂ ನೆರೆಹೊರೆಯ ಮೇಲೂ ನುಗ್ಗಿ ಸುಮಾರು 10,000 ಜನರನ್ನು ಬಲಿತೆಗೆದುಕೊಂಡಿತು. ಅಂತಹ ತಗ್ಗುನೆಲದಲ್ಲಿ ಒಂದು ಗೇಣು ಎತ್ತರದ ಬೆಲೆ ಎಷ್ಟೆಂಬುದನ್ನು ಅಲ್ಲಿಯವರೇ ಬಲ್ಲರು.

ನದಿಯ ಈ ಶಕ್ತಿಯನ್ನು ಮತ್ತೆ ಕೆಲಸಕ್ಕೆ ಹಚ್ಚಿದ ನಿದರ್ಶನವೊಂದಿದೆ. ಅಮೆರಿಕದ ಲೂಯಿಸಿಯಾನಾ ಪ್ರಾಂತದ ಅಚಾಫಲಾಯ ನದಿಯಲ್ಲಿ 2002ರಿಂದ ಇಂಜಿನಿಯರುಗಳು, ಹಡಗುಗಳ ದಾರಿಗಾಗಿ ಎತ್ತಿದ ಹೂಳನ್ನು ನಡುಹೊಳೆಯಲ್ಲಿ, ಒಂದು ದಿಣ್ಣೆಯ ಮೇಲ್ಗಡೆ ಸುರಿಯುತ್ತ ಬಂದರು. ಆಕಾರ ಕೊಡುವುದನ್ನು ಪ್ರವಾಹಕ್ಕೇ ಬಿಟ್ಟರು. ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 85 ಎಕರೆಯ ಹಸುರು ನಡುಗಡ್ಡೆಯೊಂದು ಎದ್ದಿತು.

ಅಣೆಕಟ್ಟುಗಳನ್ನು ನಾವು ಬಿಡಲಾರೆವು. ನಮ್ಮ ಅನ್ನ ಅವುಗಳ ಕೆಳಗಿದೆ. ಆದರೂ ನದಿಯ ನೀರನ್ನು ಹಂಚಿಕೊಳ್ಳುವಾಗ ಮಣ್ಣಿನ ಪಾಲನ್ನೂ ಎಣಿಸುವುದು ನ್ಯಾಯ. ಜಲಾಶಯದ ಹೂಳನ್ನು ತೆಗೆಯುವ ಮಾತು ಬಂದಾಗಲೆಲ್ಲ, ಆ ಮಣ್ಣಿಗೆ ಹಕ್ಕುದಾರರಾದವರು ಹೊಳೆಯ ಕೊನೆಯಲ್ಲಿದ್ದಾರೆಂಬುದನ್ನು ನಾವು ನೆನೆಯಬೇಕು.