ಚೆನ್ನೆಮಣೆಯೂ ಬೀಗದ ಬರಹವೂ

ಶೂದ್ರಕ ಕವಿಯ ‘ಮೃಚ್ಛಕಟಿಕ’ ನಾಟಕಕ್ಕೆ ಆ ಹೆಸರು ಬಂದದ್ದು ಒಂದು ಆಟಿಕೆಯಿಂದ ಎಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಬಾಲಕ ರೋಹಸೇನನು ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಹತ್ತು ಅಂಕಗಳ ನಾಟಕಕ್ಕೆ ಅಂಗೈಯಗಲದ ವಸ್ತುವಿನ ಹೆಸರನ್ನಿಟ್ಟ ಕವಿಯು ಆಟಿಕೆಯನ್ನು ಹಗುರವಾಗಿ ಕಂಡವನಲ್ಲ. ಈ ಹೊತ್ತು ನಾನು ಆಡಹೊರಟಿರುವುದೂ ಒಂದು ಆಟದ ಸಾಮಾನಿನ ಮಾತೇ. ಅದು ನಮ್ಮ ತುಳುನಾಡಿನ ಚೆನ್ನೆಮಣೆ.

ಮೈಸೂರು ಸೀಮೆಯವರು ಅಳಗುಳಿಮಣೆ ಎನ್ನುವುದೂ, ತಮಿಳರು ಪಲ್ಲಾಂಗುಳಿ ಎನ್ನುವುದೂ ಇದರ ಬಳಗವೇ. ಮರದ ಮಣೆಯಲ್ಲಿ ಸಾಲಿಗೆ 7ರಂತೆ 14 ಗುಳಿಗಳು; ಗುಳಿಗೆ 4ರಂತೆ 56 ಕಾಯಿಗಳು. ಕಾಯಿಯೆಂದರೆ ಸಾಮಾನ್ಯವಾಗಿ ಮಂಜೊಟ್ಟಿಯ ಕೆಂಪು ಬೀಜ. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದೇ ಆಟ. ಆಟಿ ತಿಂಗಳ ಬಿಡದ ಮಳೆಯಲ್ಲಿ ಹೊರಗಿನ ಕೆಲಸ ನಿಂತಾಗ ಜಗಲಿಯಲ್ಲಿ ಚೆನ್ನೆಮಣೆ ಬಿಚ್ಚಿಕೊಳ್ಳುತ್ತಿತ್ತು. ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗರೆಂಬ ಅವಳಿ ಸೋದರಿಯರು ಈ ಆಟದಲ್ಲೇ ಜಗಳವಾಡಿ ಪ್ರಾಣ ಕಳೆದುಕೊಳ್ಳುತ್ತಾರೆ. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಿಷೇಧ ಇಂದಿಗೂ ಕೆಲವು ಮನೆಗಳಲ್ಲಿ ಉಂಟು.

ನಾನು ಪಾಠ ಹೇಳುವ ಕಾಟಿಪಳ್ಳಕ್ಕೂ ಈ ಮಣೆಗೂ ಒಂದು ನಂಟಿದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ನೆಲ ಬಿಟ್ಟುಕೊಟ್ಟ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕಲ್ಪಿಸಲಾಯಿತು. ಹಿತ್ತಿಲು, ಬಾವಿ, ತೆಂಗು ಎಲ್ಲವನ್ನೂ ಬಿಟ್ಟು ಬಂದವರು ಗಂಟಿನೊಳಗೆ ಮಣೆಯನ್ನು ಮಾತ್ರ ತಂದರು. ಅಂತಹ ಮಣೆಗಳನ್ನು ಹುಡುಕಿ, ಅಳತೆ ತೆಗೆದು, ಮನೆಮನೆಯ ಆಟದ ಕ್ರಮವನ್ನು ಬರೆದಿಡುವ ಹವ್ಯಾಸ ನಮ್ಮ ಕೆಲವು ಮಕ್ಕಳಿಗೂ ಹಿರಿಯರಿಗೂ ಹತ್ತಿಕೊಂಡಿದೆ. ಒಂದು ಗುಳಿಯಲ್ಲಿ ನಾಲ್ಕು ಕಾಯಿ ಕೂಡಿದಾಗ ಅದು ಯಾರಿಗೆ ಸೇರತಕ್ಕದ್ದು ಎಂಬಲ್ಲಿ ಎರಡು ಮನೆಗಳ ಅಜ್ಜಿಯರಿಗೆ ಒಮ್ಮತವಾಗಲಿಲ್ಲ. ಇಬ್ಬರಲ್ಲಿ ಹಿರಿಯರಿಗೆ ಈಗ ಕಣ್ಣು ಕಾಣದು. ಬೆರಳಿನಿಂದಲೇ ಕಾಯಿ ಎಣಿಸುತ್ತಾರೆ.

ವಿದ್ವಾಂಸರು ಏನು ಹೇಳುತ್ತಾರೆಂದು ಮಕ್ಕಳು ಅಂತರಜಾಲದಲ್ಲಿ ಹುಡುಕಿದರು. ಚೆನ್ನೆಯ ಬಗೆಗೆ ಇಂಗ್ಲಿಷಿನಲ್ಲಿ ಒಂದು ಲೇಖನ ಸಿಕ್ಕಿತು. ಸಾರಾಂಶದ ನಾಲ್ಕಾರು ಸಾಲು ಕಾಣಿಸಿತು. ಅದರ ಕೆಳಗೆ ಬೀಗ. ತೆರೆಯಬೇಕಾದರೆ ಮೂವತ್ತಕ್ಕೂ ಮಿಕ್ಕ ಡಾಲರು, ಅದೂ ಎರಡು ದಿನದ ಓದಿಗೆ! “ಸರ್, ಆಟ ನಮ್ಮದಲ್ಲವೆ?” ಎಂದು ಹುಡುಗಿಯೊಬ್ಬಳು ಕೇಳಿದಳು. ಉತ್ತರಿಸಬೇಕಾದ ಪ್ರಶ್ನೆಯೇ ಸರಿ.

ಬರಹಕ್ಕೆ ಬೆಲೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ವೃತ್ತಪತ್ರಿಕೆಯವರು ವರದಿಗಾರನಿಗೆ ಸಂಬಳ ಕೊಡಬೇಕು. ಅದಕ್ಕೆ ಚಂದಾ ಕೊಡುವುದು ನ್ಯಾಯ. ವಿದ್ವತ್ಪತ್ರಿಕೆಗಳ ರೀತಿ ಬೇರೆ. ಅಲ್ಲಿ ಬರೆದವರಿಗೂ, ಬರಹವನ್ನು ಪರಿಶೀಲಿಸಿದ ಪಂಡಿತರಿಗೂ ಪ್ರಕಾಶಕರಿಂದ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಮಾಹಿತಿ ಕೊಟ್ಟ ಅಜ್ಜಿಯ ಮಾತಂತೂ ದೂರವೇ ಉಳಿಯಿತು. ಸಂಪಾದನೆಗೂ ಮುದ್ರಣಕ್ಕೂ ವೆಚ್ಚವಿದೆ, ನಿಜ. ಆದರೂ ಜಗಲಿಯ ತಿಳಿವಳಿಕೆ ಹೊರಟ ಜಗಲಿಗೇ ಹಿಂದಿರುಗದಿದ್ದರೆ ಆ ವ್ಯವಸ್ಥೆಯಲ್ಲಿ ಏನೋ ಕೊರತೆ ಇದೆ ಎಂದೇ ಅರ್ಥ.

ಕೊರತೆಯನ್ನು ತುಂಬುವ ಯತ್ನ ನಡೆಯದಿಲ್ಲ. 2002ರಲ್ಲಿ ಬುಡಾಪೆಸ್ಟಿನಿಂದ ಹೊರಟ ಘೋಷಣೆಯೊಂದು, ವಿದ್ವತ್ ಲೇಖನಗಳು ಎಲ್ಲರಿಗೂ ಉಚಿತವಾಗಿ ತೆರೆದಿರಬೇಕೆಂದು ಸಾರಿತು. ನಮ್ಮ ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆಗೆ ಒಪ್ಪಿಗೆ ಕೊಟ್ಟು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರಲ್ಲಿ ಸೇರಿವೆ. ಆದರೆ ಇದು ಸರಕಾರಿ ಉನ್ನತ ವಿದ್ಯಾಸಂಸ್ಥೆಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಮೀಸಲು. ನಮ್ಮ ನೆರೆಯ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಂತಹವು ಈ ವಲಯದೊಳಗೆ. ಕಾಟಿಪಳ್ಳದ ಪ್ರೌಢಶಾಲೆ ಹೊರಗೆ. ನೀವೂ ನಾನೂ ಹೊರಗೆ. ತೆರಿಗೆ ಮಾತ್ರ ಎಲ್ಲರದೂ. ಮನೆಗಂದಾಯದೊಡನೆ ಗ್ರಂಥಾಲಯದ ಉಪಕರವನ್ನೂ ನೀವು ತೆರುತ್ತೀರಲ್ಲವೆ? ಹಾಗಿದ್ದ ಮೇಲೆ ಇಂತಹ ಚಂದಾ ನಗರದ ಸಾರ್ವಜನಿಕ ಗ್ರಂಥಾಲಯಕ್ಕೂ ಬರಲಿ ಎಂದು ಕೇಳುವುದು ನಮ್ಮ ಹಕ್ಕು.

ಅಲ್ಲಿಯವರೆಗೆ ಬೀಗ ಒಡೆಯದೆ ಒಳಹೋಗುವ ದಾರಿಗಳುಂಟು. ಒಂದು, ಅದೇ ಲೇಖನ ಬೇರೆಡೆ ಉಚಿತವಾಗಿದೆಯೆ ಎಂದು ನೋಡುವುದು. ಲೇಖಕರ ಕೈಪ್ರತಿಯನ್ನು ಅವರ ವಿಶ್ವವಿದ್ಯಾನಿಲಯದ ತಾಣದಲ್ಲಿ ಇರಿಸಲು ಎಷ್ಟೋ ಪ್ರಕಾಶಕರು ಅನುಮತಿ ಕೊಟ್ಟಿದ್ದಾರೆ. ಎರಡು, ‘ಶೋಧಗಂಗಾ’, ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು, ಕನ್ನಡದವೂ ಸೇರಿ, ಅಲ್ಲಿ ಬಿಟ್ಟಿಯಾಗಿ ಓದಸಿಗುತ್ತವೆ. ಮೂರು, ಹತ್ತಿರದ ಕಾಲೇಜಿನ ಗ್ರಂಥಪಾಲಕರನ್ನು ಕಂಡು, ಹೊರಗಿನವರು ಕುಳಿತು ಓದಬಹುದೆ ಎಂದು ವಿಚಾರಿಸುವುದು. ನಾಲ್ಕು, ಎಲ್ಲಕ್ಕಿಂತ ಸುಲಭವಾದದ್ದು, ಬರೆದವರಿಗೇ ಕಾಗದ ಬರೆಯುವುದು.

ನಮ್ಮ ಮಕ್ಕಳು ನಾಲ್ಕನೆಯದನ್ನು ಹಿಡಿದರು. ವಾರದೊಳಗೆ ಆ ವಿದ್ವಾಂಸರು ಲೇಖನವನ್ನು ಸಂತೋಷದಿಂದ ಕಳುಹಿಸಿಕೊಟ್ಟರು. ನಿಘಂಟು ಹಿಡಿದು ಮೂರು ಸಂಜೆ ಓದಿದೆವು. ಪುರಾಣದ ವಿಚಾರ ಬಹಳವಿತ್ತು. ಮಣೆಗಳ ಹೋಲಿಕೆ ಇತ್ತು. ನಾಲ್ಕು ಕಾಯಿಯ ನಿಯಮ ಮಾತ್ರ ಇರಲಿಲ್ಲ! ಅದಕ್ಕಿಂತ ಸ್ವಾರಸ್ಯವೆಂದರೆ, ಆ ವಿದ್ವಾಂಸರೇ ಕಾಗದದ ಕೊನೆಯಲ್ಲಿ, ನಿಮ್ಮ ಊರಿನ ಕ್ರಮ ಹೇಗೆ, ತಿಳಿಸುವಿರಾ ಎಂದು ಕೇಳಿದ್ದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ನಮ್ಮ ನಿಧಿಯೆಲ್ಲ ಇದೆಯೆಂದು ಹಂಬಲಿಸುತ್ತ ಕುಳಿತರೆ, ಜಗಲಿಯ ಮೇಲಿರುವುದು ಕೈತಪ್ಪಿಹೋಗುತ್ತದೆ. ರೋಹಸೇನನ ಅಳುವೂ ಇಂತಹದೇ. ನೆರೆಮನೆಯ ಚಿನ್ನದ ಬಂಡಿಯ ಮೇಲೆ ಕಣ್ಣಿಟ್ಟವನಿಗೆ ತನ್ನ ಕೈಯಲ್ಲಿರುವ ಬಂಡಿ ಕಾಣುವುದಿಲ್ಲ. ಪುಣೆಯ ಅರವಿಂದ ಗುಪ್ತರನ್ನು ನೋಡಿ: ಕಸದಿಂದ ಆಟಿಕೆ ಮಾಡುವ ವಿದ್ಯೆಯನ್ನು ಹಲವು ಭಾಷೆಗಳಲ್ಲಿ ಬರೆದು ಯಾರು ಬೇಕಾದರೂ ಓದಲೆಂದು ತೆರೆದಿಟ್ಟರು. ಆ ಬಾಗಿಲಿಗೆ ಬೀಗವಿಲ್ಲ.

ಆದುದರಿಂದ ಕೇಳುಗರೆ, ನಿಮ್ಮ ಅಟ್ಟದ ಮೇಲೆ ಚೆನ್ನೆಮಣೆಯಿದ್ದರೆ ಇಳಿಸಿರಿ. ಹಿರಿಯರ ಮುಂದಿಟ್ಟು ಒಂದು ಆಟ ಆಡಿಸಿ, ಅವರ ಮನೆಯ ಕ್ರಮವನ್ನು ತುಳುವಿನಲ್ಲೋ ಕನ್ನಡದಲ್ಲೋ ಬರೆದುಕೊಳ್ಳಿರಿ. ಊರು, ವರ್ಷ, ಹೇಳಿದವರ ಹೆಸರು ತಪ್ಪದೆ ಇರಲಿ. ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಗ್ರಂಥಾಲಯಕ್ಕೆ ಕೊಡಿರಿ. ಎರಡು ಮನೆಯ ಕ್ರಮ ಎರಡಾದರೆ ಎರಡನ್ನೂ ಬರೆಯಿರಿ. ತೀರ್ಪು ಆಮೇಲೆ ಆಗಲಿ. ಬೀಗಕ್ಕೆ ಕೀಲಿಕೈ ಎಂದಾದರೂ ಸಿಕ್ಕೀತು. ಬೆರಳಿನಲ್ಲಿ ಉಳಿದಿರುವ ನೆನಪಿಗೆ ಇನ್ನೊಂದು ಪ್ರತಿಯಿಲ್ಲ.