ನೆರೆಯ ನಂತರದ ದಾಸೋಹ



ನೆರೆ ಬಂದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಇಲ್ಲಿ, ಗಣೇಶಗುಡಿಯಲ್ಲಿ, ಇಳಿಯಲೇ ಇಲ್ಲ. ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಗೋಡೆ ಎದ್ದಿತು. ಕಾಳಿ, ಪಾಂಡರಿ ಕೂಡುವಲ್ಲಿದ್ದ ಹಳೆಯ ಸೂಪಾ, ಸುತ್ತಲಿನ ಹಳ್ಳಿ, ಗದ್ದೆ ಎಲ್ಲ ನೀರಡಿಗೆ ಹೋದವು. ಒಂದು ಕಾಲಕ್ಕೆ ಈ ಸೀಮೆಯ ಗುಡ್ಡಗಳಿಂದ ಮ್ಯಾಂಗನೀಸ್ ಅದಿರು ಲಾರಿಗಟ್ಟಲೆ ಇಳಿಯುತ್ತಿತ್ತು. ಗಣಿ ನಿಂತಾಗ ಕೂಲಿಯೂ ನಿಂತಿತು. ಅದಿರು, ಬಿದಿರು, ವಿದ್ಯುತ್ತು ಹೊರಗಿನವರಿಗೆ ಹೋದವು. ಊರವರು ರಾಮನಗರಕ್ಕೆ ಹೋದರು.

ಅಲ್ಲಿ ನಿವೇಶನವೇನೋ ಸಿಕ್ಕಿತು. ಆದರೆ ನೀರಿಗಾಗಿ ಊರು ಬಿಟ್ಟವರು ಕುಡಿಯುವ ನೀರಿಗಾಗಿಯೇ ಹೋರಾಡಬೇಕಾಯಿತು! ಪಹಣಿಯಲ್ಲಿ ಹೆಸರಿಲ್ಲದೆ ಕಾಡಂಚಿನಲ್ಲಿ ಬದುಕುವ ಕುಣಬಿ, ಗೌಳಿ ಮನೆಗಳ ನಷ್ಟ ಲೆಕ್ಕಕ್ಕೆ ಬರುವುದೇ ಕಷ್ಟ.

ಅಣೆಕಟ್ಟಿನ ಕೆಳಗಿನವರಿಗೂ ನೆಮ್ಮದಿಯಿಲ್ಲ. 2021ರ ಜುಲೈ ತಿಂಗಳಲ್ಲಿ ಇದೇ ಕಾಳಿ ಕದ್ರಾ ಕೆಳಗಿನ ಊರುಗಳಿಗೆ ನುಗ್ಗಿತು. ನೆರೆ ಬಂದಾಗಲೆಲ್ಲ ನಮ್ಮ ಮಠಗಳಿಂದ ಅಕ್ಕಿ, ರೊಟ್ಟಿ, ಚಾದರ ಹೊರಡುತ್ತವೆ. ಹೊರಡಲೇಬೇಕು. ಹಸಿದವನಿಗೆ ಮೊದಲ ವಾರ ರೊಟ್ಟಿಯೇ ದೇವರು. ಆದರೆ ರೊಟ್ಟಿಯ ಗಂಟಿಗಿಂತ ದೊಡ್ಡ ಬ್ಯಾನರ್ ಕಟ್ಟಿಕೊಂಡ ಟೆಂಪೊ ಕಂಡರೆ ನನಗೆ ಅದು ದಾನ ಅನ್ನಿಸುತ್ತದೆಯೇ ಹೊರತು ದಾಸೋಹ ಅನ್ನಿಸುವುದಿಲ್ಲ. ದಾಸೋಹದಲ್ಲಿ ಕೊಡುವವನೇ ದಾಸ.

ನುಲಿಯ ಚಂದಯ್ಯನ ಕಥೆ ನಿಮಗೆ ಗೊತ್ತು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿತು. ಶರಣ ಕಾಯಕ ಬಿಟ್ಟು ಅದನ್ನು ಹುಡುಕಲಿಲ್ಲ. ಲಿಂಗವೇ ಬೆನ್ನು ಹತ್ತಿತು, ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಇಂಥ ಕಥೆಯನ್ನು ಪ್ರವಚನದಲ್ಲಿ ತಲೆದೂಗಿ ಕೇಳುತ್ತೇವೆ. ಲಿಂಗ ಉಳಿದು ಕಾಯಕವೇ ನೀರುಪಾಲಾದವನ ಎದುರಿಗೆ ಹೇಳಿ ನೋಡಿ!

ಎರಡನೆಯ ವಾರ ನಾವು ಕೇಳಬೇಕಾದದ್ದು ಒಂದೇ: "ನಿಮ್ಮ ಕಾಯಕ ಏನಿತ್ತು?" ಉತ್ತರ ಹೊಲಿಗೆ ಯಂತ್ರವಿರಬಹುದು, ಬಿತ್ತನೆ ಭತ್ತವಿರಬಹುದು, ಒಂದು ಎಮ್ಮೆ ಇರಬಹುದು. ಕೆಲವರಿಗೆ ಬೇಕಾದದ್ದು ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಬಂದು ಅರ್ಜಿ ಬರೆದುಕೊಡುವ ಒಬ್ಬ ಓದಿದ ಹುಡುಗ, ಅಷ್ಟೇ. ಇದಕ್ಕೆ ಜಾತಿ ಕೇಳಬೇಕಾಗಿಲ್ಲ, ಕೊರಳಲ್ಲಿ ಲಿಂಗವಿದೆಯೇ ಎಂದು ನೋಡಬೇಕಾಗಿಲ್ಲ.

ಹಳಿಯಾಳ, ಮುಂಡಗೋಡದಿಂದ ಬಂದ ಬಂಧುಗಳಲ್ಲಿ ನನ್ನ ಕೋರಿಕೆಯಿಷ್ಟು. ಜಾತ್ರೆಯ ಹಣದಲ್ಲಿ ಒಂದು ಪಾಲನ್ನು ಮಳೆಗಾಲಕ್ಕೆ ಮೊದಲೇ ತೆಗೆದಿಡಿ, ಕಾಯಕದ ಸಲಕರಣೆಗೆಂದೇ. ಏನು ಬೇಕೆಂಬ ಪಟ್ಟಿಯನ್ನು ನೀರಲ್ಲಿ ನಿಂತವರೇ ಹೇಳಲಿ, ನಾವು ಬರೆದುಕೊಳ್ಳೋಣ.