ಕೊಪ್ಪರಿಗೆಯ ಮಾಂಸ, ಕೊಟ್ಟಿಗೆಯ ಸಾಲ

(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ ಮತ್ತು ಸಾಲ, ಈ ಎರಡು ಮಾತು ಬಿಟ್ಟು ಮೂರನೆಯದನ್ನು ಆಡದ ನಾವು ಇವತ್ತು ಜೀವಕೋಶದಿಂದ ಆಹಾರ ಬೆಳೆಯುವ ವಿಚಾರ ಯಾಕೆ ಎತ್ತಿಕೊಂಡಿದ್ದೇವೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಇದು ಕೂಡ ಬೆಲೆಯ ವಿಚಾರ, ಸಾಲದ ವಿಚಾರ. ನಾಳೆ ನಿಮ್ಮ ಡೇರಿಯ ಬಟವಾಡೆ ಚೀಟಿಯಲ್ಲಿ ಎರಡು ರೂಪಾಯಿ ಕಮ್ಮಿ ಬಂದಾಗ ಅದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರಬೇಕು. ಅಷ್ಟಕ್ಕೇ ಈ ಮಾತು.

ಮೊದಲು ಇದು ಏನು ಅಂತ ತಿಳಿಯೋಣ. ನಮ್ಮ ಮನೆ ಹೆಂಗಸರು ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡ್ತಾರೆ. ಬೆಳಿಗ್ಗೆ ಪಾತ್ರೆ ತುಂಬ ಮೊಸರು. ಹೆಪ್ಪಿನಲ್ಲಿದ್ದ ಕಣ್ಣಿಗೆ ಕಾಣದ ಜೀವಿ ಹಾಲಿನ ಸಕ್ಕರೆ ತಿಂದು ಬೆಳೆದಿರುತ್ತೆ. ಇದೂ ಹಾಗೇ. ಬದುಕಿರುವ ದನದ ಮೈಯಿಂದ ಚೂರು ಮಾಂಸಖಂಡ ತೆಗೀತಾರೆ. ಅದರಲ್ಲಿರುವ ಜೀವಕೋಶವನ್ನು ಸ್ಟೀಲಿನ ಕೊಪ್ಪರಿಗೆಗೆ ಹಾಕಿ, ಸಕ್ಕರೆ, ಉಪ್ಪು, ವಿಟಮಿನ್ನು, ಅಮೈನೋ ಆಮ್ಲ ಎಲ್ಲ ಕಲಸಿದ ನೀರು ಕೊಟ್ಟು, ಮೈಶಾಖದಷ್ಟೇ ಬೆಚ್ಚಗೆ ಇಡ್ತಾರೆ. ಕೋಶ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಕೊನೆಗೆ ಅದೇ ಮಾಂಸ.

ಇದು ಕಟ್ಟುಕಥೆ ಅಲ್ಲ. 2013ರ ಆಗಸ್ಟ್‌ನಲ್ಲಿ ಹಾಲೆಂಡಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಎನ್ನುವ ವಿಜ್ಞಾನಿ ಹೀಗೆ ಬೆಳೆಸಿದ ದನದ ಮಾಂಸದ ಒಂದು ಬಿಲ್ಲೆಯನ್ನು ಲಂಡನ್ನಿನಲ್ಲಿ ಎಲ್ಲರೆದುರು ಹುರಿಸಿ ತಿನ್ನಿಸಿದರು. ಅದೊಂದಕ್ಕೆ ಬಿದ್ದ ಖರ್ಚು ಎರಡೂವರೆ ಲಕ್ಷ ಯೂರೋ, ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಹಣ ಕೊಟ್ಟವರು ಗೂಗಲ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಸೆರ್ಗೆಯ್ ಬ್ರಿನ್. 2020ರ ಡಿಸೆಂಬರಿನಲ್ಲಿ ಸಿಂಗಪುರ ಸರ್ಕಾರ ಇಂಥ ಕೋಳಿ ಮಾಂಸವನ್ನು ಮಾರಲು ಮೊದಲ ಒಪ್ಪಿಗೆ ಕೊಟ್ಟಿತು. 2023ರ ಜೂನ್‌ನಲ್ಲಿ ಅಮೆರಿಕವೂ ಕೊಟ್ಟಿತು. ಹಾಲಿನ ಕಡೆಯೂ ಇದೇ ಕಥೆ. 2019ರಲ್ಲಿ ಅಮೆರಿಕದ ಪರ್ಫೆಕ್ಟ್ ಡೇ ಕಂಪನಿ ಶಿಲೀಂಧ್ರದ ಕೈಲಿ ಹಾಲಿನ ಪ್ರೋಟೀನು ಮಾಡಿಸಿ, ಹಸುವೇ ಇಲ್ಲದೆ ಐಸ್‌ಕ್ರೀಂ ಮಾರಿತು.

ನಮ್ಮ ದೇಶ ಸುಮ್ಮನೆ ಕೂತಿದೆ ಅಂದುಕೊಳ್ಳಬೇಡಿ. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹೈದರಾಬಾದಿನ ಎರಡು ಸರ್ಕಾರಿ ಸಂಸ್ಥೆಗಳಿಗೆ ಈ ಕೆಲಸಕ್ಕೆ ಹಣ ಕೊಟ್ಟಿತು. 2024ರ ಜನವರಿಯಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೋಶದಿಂದ ಮೀನು ಬೆಳೆಸಲು ಖಾಸಗಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿಯಲ್ಲಿ ಹೊಸ ಬಗೆಯ ಪ್ರೋಟೀನು ತಯಾರಿಕೆಗೂ ಜಾಗ ಇದೆ.

"ಹಸು ಇಲ್ಲದೆ ಹಾಲು, ಕುರಿ ಇಲ್ಲದೆ ಮಾಂಸ, ಇವೆಲ್ಲ ಆಗೋ ಮಾತಾ?" ಅಂತ ನಗುವವರು ನಮ್ಮಲ್ಲೂ ಇದ್ದಾರೆ. ಸ್ವಾಮಿ, ನಿಮ್ಮೂರಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಷ್ಟು ಜನ? ಹಿಂದೆ ಆ ಔಷಧಿಯನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೀತಿದ್ದರು. 1982ರಿಂದ ಬ್ಯಾಕ್ಟೀರಿಯಾದ ಕೈಲಿ ಮಾಡಿಸಿದ್ದು ಮಾರುಕಟ್ಟೆಗೆ ಬಂತು. ಗಿಣ್ಣು ಮಾಡಲು ಕರುವಿನ ಹೊಟ್ಟೆಯಿಂದ ತೆಗೀತಿದ್ದ ಕಿಣ್ವವನ್ನೂ 1990ರಿಂದ ಹೀಗೇ ಮಾಡ್ತಾರೆ. ಇವತ್ತು ಅಮೆರಿಕದ ಬಹುಪಾಲು ಗಿಣ್ಣಿಗೆ ಅದೇ ಕಿಣ್ವ. ಆದ್ದರಿಂದ ನಗೋದು ಬೇಡ.

ಹೆದರಿ ಓಡೋದೂ ಬೇಡ. 2019ರಲ್ಲಿ ರೀಥಿಂಕ್‌ಎಕ್ಸ್ ಎನ್ನುವ ಸಂಸ್ಥೆ ಒಂದು ವರದಿ ಬರೆದು, 2030ಕ್ಕೆ ಅಮೆರಿಕದ ದನಗಳು ಅರ್ಧಕ್ಕೆ ಇಳೀತವೆ, ದನ ಸಾಕುವ ಉದ್ಯಮ ದಿವಾಳಿ ಆಗುತ್ತೆ ಅಂತ ಭವಿಷ್ಯ ಹೇಳಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಯಿತು. ಅಮೆರಿಕದ ದನಗಳ ಸಂಖ್ಯೆ 2025ರ ಜನವರಿಗೆ 8.67 ಕೋಟಿಗೆ ಇಳಿದಿದ್ದು ನಿಜ, 1951ರಿಂದ ಅಲ್ಲಿಯವರೆಗೆ ಅದೇ ಅತಿ ಕಮ್ಮಿ ಆಗಿತ್ತು. ಆದರೆ ಅದಕ್ಕೆ ಕಾರಣ ಬರಗಾಲ, ಮೇವಿನ ಖರ್ಚು. ಕೊಪ್ಪರಿಗೆಯ ಮಾಂಸ ಇವತ್ತಿಗೂ ದುಬಾರಿ. ಕೋಶಕ್ಕೆ ಕೊಡುವ ನೀರು ಔಷಧಿಯಷ್ಟು ಶುದ್ಧ ಇರಬೇಕು, ಒಂದು ಕ್ರಿಮಿ ಹೊಕ್ಕರೂ ಇಡೀ ಕೊಪ್ಪರಿಗೆ ಚರಂಡಿ ಪಾಲು.

ಇದು ಪರಿಸರಕ್ಕೆ ಒಳ್ಳೆಯದು, ಬೇಸಾಯಕ್ಕೆ ಬದಲಿ ಅನ್ನೋ ಮಾತನ್ನೂ ನ್ಯಾಯವಾಗಿ ತೂಗೋಣ. ಪ್ರಪಂಚದಲ್ಲಿ ಮನುಷ್ಯರಿಂದ ಆಗುವ ಹಸಿರುಮನೆ ಅನಿಲದಲ್ಲಿ ನೂರಕ್ಕೆ 14.5 ಪಾಲು ಜಾನುವಾರು ಸಾಕಣೆಯದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿತು. ಕಾಡು ಕಡಿದು ಸಾವಿರಾರು ಎಕರೆಯಲ್ಲಿ ದನ ಮೇಯಿಸುವ ದೇಶಗಳಿವೆ, ಅವರಿಗೆ ಈ ಪ್ರಶ್ನೆ ಕೇಳಲೇಬೇಕು. ಆದರೆ ನಮ್ಮ ಹಸು ತಿನ್ನೋದು ರಾಗಿ ಹುಲ್ಲು, ಜೋಳದ ಸಪ್ಪೆ, ಬದುವಿನ ಹುಲ್ಲು, ಅಂದರೆ ಮನುಷ್ಯ ತಿನ್ನಲಾಗದ್ದು. ಕೊಡೋದು ಹಾಲು, ಕರು, ತಿಪ್ಪೆಗೆ ಗೊಬ್ಬರ. ಕೊಪ್ಪರಿಗೆ ಸಗಣಿ ಹಾಕಲ್ಲ. ಅದಕ್ಕೆ ಹಗಲು ರಾತ್ರಿ ಕರೆಂಟು ಬೇಕು. ಆ ಕರೆಂಟು ಕಲ್ಲಿದ್ದಲಿನಿಂದ ಬಂದರೆ ಹೊಗೆ ಕೊಟ್ಟಿಗೆಯಿಂದ ಚಿಮಣಿಗೆ ಜಾಗ ಬದಲಾಯಿಸಿತು, ಅಷ್ಟೇ.

ಇನ್ನು ಬದಲಿ ಅನ್ನೋ ಮಾತು. ಕೋಶಕ್ಕೆ ಸಕ್ಕರೆ ಬೇಕು ಅಂದೆನಲ್ಲ. ಆ ಸಕ್ಕರೆ ಎಲ್ಲಿಂದ ಬರುತ್ತೆ? ಮೆಕ್ಕೆಜೋಳದಿಂದ, ಕಬ್ಬಿನಿಂದ. ಅಮೈನೋ ಆಮ್ಲ? ಸೋಯಾ, ಮತ್ತೆ ಮೆಕ್ಕೆಜೋಳ. ಬೇಸಾಯ ಎಲ್ಲಿಗೂ ಹೋಗಲಿಲ್ಲ! ರೈತ ಹಾಲು, ಮಾಂಸ ಮಾರೋನಾಗಿದ್ದವನು ಕಾರ್ಖಾನೆಗೆ ಕಚ್ಚಾ ಮಾಲು ಹಾಕೋನಾದ. ಕಚ್ಚಾ ಮಾಲು ಹಾಕಿದವನ ಪಾಡು ನಮಗೆ ಗೊತ್ತಿಲ್ಲವೇ? 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ನಮ್ಮ ಮಂಡಿಗಳಲ್ಲಿ ಆ ಬೆಲೆ ಸಿಗಲಿಲ್ಲ. ಕಬ್ಬಿಗೆ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಡವಾದರೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಬಡ್ಡಿ ಎಣಿಸಿಕೊಂಡವರು ನಿಮ್ಮೂರಲ್ಲಿ ಎಷ್ಟು ಜನ ಇದ್ದೀರಿ, ಹೇಳಿ ನೋಡೋಣ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಹೊಲದ ಬೆಳೆಯನ್ನು ಪ್ರಯೋಗಶಾಲೆ ಸೋಲಿಸಿದ್ದು ಇದೇ ಮೊದಲಲ್ಲ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ದೇಶದ ನೀಲಿ ಬೆಳೆಯ ಬೆಲೆ ಕುಸಿಯಿತು. ಬಿಹಾರದ ಚಂಪಾರಣ್ಯದಲ್ಲಿ ಬಿಳಿ ತೋಟಗಾರರು ಬಿಘಾದ ಇಪ್ಪತ್ತು ಕಠಾದಲ್ಲಿ ಮೂರು ಕಠಾ ನೀಲಿ ಬೆಳೆಯಲೇಬೇಕು ಅಂತ ರೈತರನ್ನು ಕಟ್ಟಿಹಾಕಿದ್ದರು. ಬೆಲೆ ಬಿದ್ದ ಮೇಲೆ ಏನು ಮಾಡಿದರು ಗೊತ್ತಾ? "ನಿನಗೆ ನೀಲಿಯಿಂದ ಬಿಡುಗಡೆ ಕೊಡ್ತೀನಿ, ಅದಕ್ಕೆ ಗೇಣಿ ಜಾಸ್ತಿ ಕೊಡು" ಅಂದರು. ಇಲ್ಲವೇ ಒಟ್ಟಿಗೆ ತಾವಾನ್ ಕಟ್ಟು, ಅಂದರೆ ಪರಿಹಾರ ಕಟ್ಟು ಅಂದರು. ಕೈಯಲ್ಲಿ ಹಣ ಇಲ್ಲದವರಿಂದ ಕೈಸಾಲದ ಪತ್ರ, ಅಡಮಾನ ಪತ್ರ ಬರೆಸಿಕೊಂಡು ನೂರಕ್ಕೆ 12ರ ಬಡ್ಡಿ ಹಾಕಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿದ್ದು, 1918ರಲ್ಲಿ ಚಂಪಾರಣ್ಯ ಕಾನೂನು ಬಂದಿದ್ದು ಇದರಿಂದಲೇ.

ಬಂಧುಗಳೇ, ಇಲ್ಲಿ ಗಮನ ಇಡಿ. ಕಂಡುಹಿಡಿದದ್ದು ಜರ್ಮನಿಯಲ್ಲಿ, ನಷ್ಟ ಆದದ್ದು ತೋಟಗಾರನಿಗೆ, ಸಾಲ ಹತ್ತಿದ್ದು ರೈತನ ತಲೆಗೆ. ವಿಜ್ಞಾನ ಸಾಲಪತ್ರ ಬರೆಸಲಿಲ್ಲ. ನಷ್ಟವನ್ನು ಕೆಳಕ್ಕೆ ತಳ್ಳುವ ಅಧಿಕಾರ ಯಾರ ಕೈಲಿತ್ತೋ ಅವರು ಬರೆಸಿದರು.

ಇನ್ನೊಂದು ಕಥೆ ಇತ್ತೀಚಿನದು. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಒಂದು ಗಿಡದಿಂದ ಬರುತ್ತೆ. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ಸಣ್ಣ ರೈತರು ಅದನ್ನು ಬೆಳೀತಾರೆ. 2013ರಲ್ಲಿ ಸನೋಫಿ ಕಂಪನಿ ಇಟಲಿಯ ಕಾರ್ಖಾನೆಯಲ್ಲಿ ಯೀಸ್ಟಿನ ಸಹಾಯದಿಂದ ಅದನ್ನು ಮಾಡತೊಡಗಿತು. ಆದರೆ 2016ರ ಹೊತ್ತಿಗೆ ಗಿಡದ ಮಾಲು ಕಿಲೋಗೆ 250 ಡಾಲರಿಗಿಂತ ಕೆಳಗೆ ಸಿಗುತ್ತಿತ್ತು, ಕಾರ್ಖಾನೆಯದಕ್ಕೆ 350ಕ್ಕೂ ಮೇಲೆ ಬೀಳುತ್ತಿತ್ತು. ಕಂಪನಿ ಕಾರ್ಖಾನೆಯನ್ನೇ ಮಾರಿತು. ರೈತ ಗೆದ್ದ ಅಂತ ಚಪ್ಪಾಳೆ ತಟ್ಟಬೇಕಾ? ಅಷ್ಟು ಅಗ್ಗಕ್ಕೆ ಮಾರಿದ್ದರಿಂದ ಗೆದ್ದ, ಅಷ್ಟೇ. ಇಂಥ ಕಾರ್ಖಾನೆ ಓಡದಿದ್ದರೂ ಬೆಲೆಯ ಮೇಲೆ ಮುಚ್ಚಳ ಇಟ್ಟ ಹಾಗೆ. ಬೆಲೆ ಏರಿದರೆ ಬಾಗಿಲು ತೆರೀತೀವಿ ಅನ್ನೋ ಬೆದರಿಕೆ ಯಾವಾಗಲೂ ಇರುತ್ತೆ.

ನಮ್ಮ ಮಲೆನಾಡಿನವರಿಗೆ ಇದು ಹೊಸದಲ್ಲ. 2003ರ ಸುಮಾರಿಗೆ ಹಸಿ ವೆನಿಲ್ಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇತ್ತು. ಅಡಿಕೆ ತೋಟದ ಮರ ಮರಕ್ಕೂ ಬಳ್ಳಿ ಹಬ್ಬಿಸಿದರು. ಬೆಲೆ ಏರಿದಾಗ ಐಸ್‌ಕ್ರೀಂ, ಬಿಸ್ಕತ್ತು ಕಂಪನಿಗಳು ಕಾರ್ಖಾನೆಯ ವೆನಿಲಿನ್ ಕಡೆ ತಿರುಗಿದವು. ಬೇರೆ ದೇಶಗಳ ಬೆಳೆಯೂ ಬಂತು. ಎರಡು ಮೂರು ವರ್ಷದೊಳಗೆ ಬೆಲೆ ನೆಲಕ್ಕೆ ಬಿತ್ತು. ಬಳ್ಳಿ ಒಣಗಿತು, ಸಾಲ ಹಸಿರಾಗೇ ಉಳೀತು.

ಈಗ ಹಾಲಿಗೆ ಬರೋಣ. ಬೆಳಿಗ್ಗೆ ಮನೆ ಮನೆಗೆ ಹೋಗುವ ಹಾಲಿಗೆ ಸದ್ಯಕ್ಕೆ ಭಯ ಇಲ್ಲ. ಹೊಡೆತ ಬೀಳುವುದು ಪುಡಿಗೆ. ಒಕ್ಕೂಟಗಳು ಹೆಚ್ಚಾದ ಹಾಲನ್ನು ಪುಡಿ ಮಾಡುತ್ತವೆ. ಆ ಪುಡಿ ಐಸ್‌ಕ್ರೀಂಗೆ, ಬಿಸ್ಕತ್ತಿಗೆ, ಮಿಠಾಯಿಗೆ ಹೋಗುತ್ತೆ. ಕಾರ್ಖಾನೆಯ ಹಾಲಿನ ಪ್ರೋಟೀನು ಅಗ್ಗವಾದ ದಿನ ಮೊದಲು ನುಗ್ಗುವುದು ಅಲ್ಲಿಗೇ. ಪುಡಿ ಗೋದಾಮಿನಲ್ಲಿ ಕೂತರೆ ಒಕ್ಕೂಟ ನಮ್ಮ ಲೀಟರಿಗೆ ಕೈ ಹಾಕುತ್ತೆ. ಲೆಕ್ಕ ಹಾಕಿ: ಒಂದು ಲಕ್ಷ ಸಾಲ ತೆಗೆದು ಹಸು ಕಟ್ಟಿದಿರಿ, ಐದು ವರ್ಷದ ಕಂತು. ಅಸಲೇ ತಿಂಗಳಿಗೆ 1,667 ರೂಪಾಯಿ, ಬಡ್ಡಿ ಬೇರೆ. ಹಸು ದಿನಕ್ಕೆ ಹತ್ತು ಲೀಟರು ಕೊಡುತ್ತೆ ಅನ್ನಿ. ಲೀಟರಿಗೆ ಎರಡೇ ರೂಪಾಯಿ ಇಳಿದರೂ ತಿಂಗಳಿಗೆ 600 ಹೋಯಿತು. ಅಸಲಿನ ಕಂತಿನ ಮೂರನೇ ಒಂದು ಪಾಲಿಗೂ ಮೇಲೆ! ಹಿಂಡಿ ಬೂಸಾದವನು ಎರಡು ರೂಪಾಯಿ ಇಳಿಸ್ತಾನಾ? ಬ್ಯಾಂಕಿನವನು ಇಳಿಸ್ತಾನಾ?

ಹಾಗಾದರೆ ಇದನ್ನು ನಿಷೇಧಿಸಿಬಿಡಿ ಅನ್ನೋಣವೇ? 2023ರ ನವೆಂಬರಿನಲ್ಲಿ ಇಟಲಿ ಹಾಗೇ ಮಾಡಿತು. ಅಲ್ಲಿನ ರೈತ ಸಂಘಟನೆ ಕೋಲ್ಡಿರೆಟ್ಟಿ ಅದಕ್ಕೆ ಹೋರಾಡಿತ್ತು. 2024ರ ಮೇನಲ್ಲಿ ಅಮೆರಿಕದ ಫ್ಲಾರಿಡಾ, ಅಲಬಾಮ ರಾಜ್ಯಗಳೂ ನಿಷೇಧಿಸಿದವು. ನನ್ನ ಅಭಿಪ್ರಾಯ ಬೇರೆ. ನಿಷೇಧದಿಂದ ನಮ್ಮ ಲೀಟರಿಗೆ ಒಂದು ಪೈಸೆ ಏರಲ್ಲ. ಇವತ್ತು ನಮ್ಮ ಬೆಲೆ ಕೆಳಗಿರೋದಕ್ಕೆ ಕೊಪ್ಪರಿಗೆ ಕಾರಣವೂ ಅಲ್ಲ. ಒಂದು ಬಾಗಿಲು ಮುಚ್ಚಿ ಕೂತರೆ ಪುಡಿ ಬೇರೆ ಹಡಗಿನಲ್ಲಿ ಬರುತ್ತೆ. ನಾವು ಕೇಳಬೇಕಾದ್ದು ಬೇರೆ ಇದೆ. ಬೆರಳು ಮಡಚಿ ಎಣಿಸಿಕೊಳ್ಳಿ.

ಒಂದು, ಹೆಸರು. ಸೋಯಾ, ಬಾದಾಮಿಯ ರಸವನ್ನು ಹಾಲು ಅಂತ ಕರೆದು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ತಾಕೀತು ಮಾಡಿತು. ಕೊಪ್ಪರಿಗೆಯದನ್ನೂ ಕೊಪ್ಪರಿಗೆಯದು ಅಂತಲೇ ದಪ್ಪ ಅಕ್ಷರದಲ್ಲಿ ಬರೀಲಿ. ತಿನ್ನೋರು ತಿಳಿದು ತಿನ್ನಲಿ.

ಎರಡು, ಬೆಲೆ. ನಮ್ಮ ಮೆಕ್ಕೆಜೋಳ, ಕಬ್ಬು, ಸೋಯಾ ತಗೊಂಡು ಓಡುವ ಯಾವ ಕಾರ್ಖಾನೆಗೇ ಆಗಲಿ, ಬೇಸಾಯದ ಖರ್ಚಿನ ಲೆಕ್ಕದ ಬೆಲೆ ಕಾನೂನಿನಲ್ಲಿ ಬರೆದ ಮೇಲೇ ಪರವಾನಗಿ, ಜಮೀನು, ಸಬ್ಸಿಡಿ ಕೊಡಲಿ.

ಮೂರು, ತಳಿ. ಇದು ನಿಮ್ಮ ಕೈಲೇ ಇದೆ. ಕೋಶ ಅಂದರೆ ಬೀಜ ಇದ್ದ ಹಾಗೆ. ನಾಳೆ ಯಾರೋ ಬನ್ನೂರು ಕುರಿಯ, ಹಳ್ಳಿಕಾರ್ ದನದ ಚೂರು ಕಿತ್ತುಕೊಂಡು ಹೋಗಿ ಅದರಿಂದಲೇ ಕೋಟಿ ಸಂಪಾದಿಸಬಹುದು. ಆ ತಳಿ ಉಳಿಸಿದವರು ಯಾರು? ನಮ್ಮ ಅಜ್ಜ ಮುತ್ತಜ್ಜಂದಿರು. ನಮ್ಮ ಜೀವಸಂಪತ್ತನ್ನು ಬಳಸಿ ಲಾಭ ಮಾಡುವವರು ಊರಿನವರಿಗೂ ಪಾಲು ಕೊಡಬೇಕು ಅನ್ನೋದು 2002ರ ಜೀವವೈವಿಧ್ಯ ಕಾಯಿದೆಯ ತಿರುಳು. ಅದರ ಪ್ರಕಾರ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿಗಳನ್ನು ದಾಖಲೆ ಪುಸ್ತಕದಲ್ಲಿ ಬರೀಬೇಕು. ನಾಳೆಯೇ ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರಿಸಿ ಅನ್ನಿ. ನಿಮ್ಮೂರ ಕುರಿ, ಮೇಕೆ, ದನ, ನಾಟಿ ಕೋಳಿ ಅದರಲ್ಲಿ ಇಲ್ಲದಿದ್ದರೆ ಬರೆಸಿ, ಓದಿಸಿ ಕೇಳಿ, ಆಮೇಲೆ ಮನೆಗೆ ಬನ್ನಿ.

ನಾಲ್ಕು, ಒಡೆತನ. ಸರ್ಕಾರಿ ದುಡ್ಡಿನಲ್ಲಿ ನಡೆದ ಸಂಶೋಧನೆ ಒಂದು ಕಂಪನಿಯ ಬೀರುವಿಗೆ ಸೇರಬಾರದು. ಕೋಳಿ ಫಾರಂ ನೋಡಿ: ಶೆಡ್ಡು ನಮ್ಮದು, ಶೆಡ್ಡಿನ ಸಾಲ ನಮ್ಮದು, ಮರಿ ಕಂಪನಿದು, ಮೇವು ಕಂಪನಿದು, ಬೆಲೆ ಕಂಪನಿದು. ಕೊಪ್ಪರಿಗೆ ನಮ್ಮ ತಾಲ್ಲೂಕಿಗೆ ಬರೋದೇ ಆದರೆ ಹಾಲು ಉತ್ಪಾದಕರ ಸಂಘಗಳ ಒಡೆತನದಲ್ಲಿ ಬರಲಿ. ಹಾಲನ್ನು ಪುಡಿ ಮಾಡೋ ಕಾರ್ಖಾನೆ ನಡೆಸೋ ನಮಗೆ ಇದನ್ನು ನಡೆಸೋದು ಬರಲ್ಲವೇ?

ಐದು, ಸಾಲ. ದನಕ್ಕೆ, ಕುರಿಗೆ ಸಾಲ ಕೊಡುವ ಬ್ಯಾಂಕು ಬೆಲೆ ಬಿದ್ದ ವರ್ಷ ಕಂತು ಮುಂದೂಡುವ ಷರತ್ತನ್ನು ಸಾಲಪತ್ರದಲ್ಲೇ ಬರೆಯಲಿ. ಚಂಪಾರಣ್ಯದಲ್ಲಿ ಬೇರೆಯವರ ನಷ್ಟ ರೈತನ ಸಾಲವಾಯಿತು. ಅದು ಇನ್ನೊಂದು ಸಲ ಆಗಬಾರದು.

ಕೊನೆಯದಾಗಿ ಯುವಕರಿಗೆ ಒಂದು ಮಾತು. ನೀವು ಹಸು ಕಟ್ಟಬೇಡಿ ಅಂತ ನಾನು ಹೇಳಲ್ಲ. ಸಾಲದ ಅವಧಿ ಎಷ್ಟು ವರ್ಷ, ಲೀಟರಿಗೆ ಎಷ್ಟಕ್ಕೆ ಇಳಿದರೆ ಕಂತು ತಪ್ಪುತ್ತೆ, ಈ ಎರಡು ಅಂಕಿ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ. ಮೇವು ಎಷ್ಟು ಹೊಲದ್ದು, ಎಷ್ಟು ಅಂಗಡಿಯದ್ದು ಅಂತಲೂ ಬರೆಯಿರಿ. ಹೊಲದ ಮೇವು ಜಾಸ್ತಿ ಇದ್ದವನು ಎರಡು ರೂಪಾಯಿ ಇಳಿದರೂ ನಿಲ್ತಾನೆ.

ಕೊಪ್ಪರಿಗೆ ಬರಲಿ, ಬಿಡಲಿ. ಅದಕ್ಕೆ ಹಾಕುವ ಸಕ್ಕರೆಗೂ, ನಮ್ಮ ಕೊಟ್ಟಿಗೆಯ ಹಾಲಿಗೂ ಬೆಲೆ ಕಟ್ಟುವ ಕೈ ಯಾರದು ಅನ್ನೋದೇ ಪ್ರಶ್ನೆ. ಆ ಪ್ರಶ್ನೆಯನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎತ್ತಿ.